ಏಣಿಯ ಪಕ್ಕದ ಬೆಲ್ಟು

ಗಾಂಧಿ ಬಜಾರಿಗೆ ಹೋದವರು ಹೂವು ನೋಡುತ್ತಾರೆ, ಹಣ್ಣು ನೋಡುತ್ತಾರೆ, ಪರಿಚಯದವರು ಎದುರಾದರೆ ಅವರ ಸೀರೆ ನೋಡುತ್ತಾರೆ. ನಾನು ಮೇಲೆ ನೋಡುತ್ತೇನೆ. ಯಾವ ಕಟ್ಟಡಕ್ಕೆ ಸಾರುವೆ ಕಟ್ಟಿದ್ದಾರೆ, ಅದರ ಹಲಗೆ ಮೇಲೆ ಯಾರು ನಿಂತಿದ್ದಾರೆ, ನಿಂತವನ ಮೈಮೇಲೆ ಬೆಲ್ಟು ಇದೆಯೋ ಇಲ್ಲವೋ. ಹೋದ ತಿಂಗಳು ಹೀಗೇ ಮೇಲೆ ನೋಡುತ್ತ ನಡೆದು ಒಬ್ಬ ಅಜ್ಜಿಯ ಮಲ್ಲಿಗೆ ಬುಟ್ಟಿಗೆ ಕಾಲಿಟ್ಟೆ. "ಕಣ್ಣು ನೆತ್ತಿ ಮೇಲಿದೆಯೇನಮ್ಮ?" ಎಂದು ಆಕೆ ಕೇಳಿದಳು. ಹೌದಜ್ಜಿ, ಅಲ್ಲೇ ಇದೆ ಎನ್ನಬೇಕಾಗಿತ್ತು. ಈ ರೋಗವನ್ನು ನನಗೆ ಅಂಟಿಸಿದವರು ಈ ಆಷಾಢದಲ್ಲಿ ತೀರಿಕೊಂಡರು. ರೋಗ ಮಾತ್ರ ನನ್ನ ಹತ್ತಿರವೇ ಉಳಿದಿದೆ.

ನಾನು ಸಿವಿಲ್ ಇಂಜಿನಿಯರು. ಬಸವನಗುಡಿ, ಚಾಮರಾಜಪೇಟೆಯ ಹಳೆಯ ಮನೆಗಳನ್ನು ಕೆಡವಿ ಅಲ್ಲೇ ಅಪಾರ್ಟ್‌ಮೆಂಟು ಎಬ್ಬಿಸುವ ಒಬ್ಬ ಸಣ್ಣ ಬಿಲ್ಡರ್ ಹತ್ತಿರ ಕೆಲಸ ಮಾಡುತ್ತೇನೆ. ಈ ಬಿಲ್ಡರ್ ಯಜಮಾನರ ಅಪ್ಪ ಊರಲ್ಲಿ ರಾಗಿ ಬೆಳೆದವರು, ಮಗ ಇಲ್ಲಿ ಮಹಡಿ ಬೆಳೆಯುತ್ತಿದ್ದಾರೆ. ನಾನು ಹೇಳಹೊರಟಿರುವವರು ಚಾಮರಾಜಪೇಟೆಯ ಒಂದು ಕನ್ನಡ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದರು. ಮಕ್ಕಳು ಕಡಿಮೆಯಾಗುತ್ತ ಆಗುತ್ತ ಶಾಲೆಯೇ ಮುಚ್ಚಿಹೋಯಿತು. ಮನೆಯಲ್ಲಿ ಕೂರಲಾಗದೆ, ಕೂದಲು ನೆರೆತ ಮೇಲೆ, ಕಟ್ಟಡ ಕೆಲಸದ ಸುರಕ್ಷತೆಯ ಕೋರ್ಸು ಮಾಡಿಕೊಂಡರು. ದೊಡ್ಡ ಕಂಪನಿಗಳಿಗೆ ಅವರ ವಯಸ್ಸು ಹಿಡಿಸಲಿಲ್ಲ. ನಮ್ಮಂಥ ಐದಾರು ಸಣ್ಣ ಬಿಲ್ಡರುಗಳು ಸೇರಿ ಅವರೊಬ್ಬರನ್ನೇ ಹಂಚಿಕೊಂಡರು, ಒಬ್ಬರೇ ಪುರೋಹಿತರು ನಾಲ್ಕು ಮನೆಯ ಶ್ರಾದ್ಧಕ್ಕೆ ಓಡಾಡಿದ ಹಾಗೆ. ಈ ಹೋಲಿಕೆಯನ್ನು ಒಮ್ಮೆ ಅವರೆದುರೇ ಹೇಳಿದ್ದೆ. ಶ್ರಾದ್ಧ ಆಗದ ಹಾಗೆ ನೋಡಿಕೊಳ್ಳುವುದೇ ತನ್ನ ಕೆಲಸ ಎಂದು ಗಂಭೀರವಾಗಿ ತಿದ್ದಿದರು.

ಬಿಳಿ ಕ್ಯಾನ್‌ವಾಸ್ ಶೂ, ಕೊರಳಲ್ಲಿ ಸೀಟಿ, ತಲೆಗೆ ಹಳದಿ ಹೆಲ್ಮೆಟ್ಟು. ಕಟ್ಟಡದ ಹುಡುಗರು ಅವರನ್ನು ಬೆಲ್ಟ್ ಮೇಷ್ಟ್ರು ಎಂದು ಕರೆಯುತ್ತಿದ್ದರು. ಬೆಲ್ಟು ಎಂದರೆ ಪ್ಯಾಂಟಿನ ಬೆಲ್ಟಲ್ಲ. ಭುಜ, ಎದೆ, ತೊಡೆಗಳನ್ನು ಬಳಸಿ ಬರುವ ಪಟ್ಟಿ, ಬೆನ್ನಿಗೊಂದು ಹಗ್ಗ, ಹಗ್ಗದ ತುದಿಗೆ ಕಬ್ಬಿಣದ ಕೊಕ್ಕೆ. ಎತ್ತರದಲ್ಲಿ ಕೆಲಸ ಮಾಡುವವನು ಆ ಕೊಕ್ಕೆಯನ್ನು ಗಟ್ಟಿಯಾದ ಜಾಗಕ್ಕೆ ಸಿಕ್ಕಿಸಿಕೊಂಡರೆ, ಜಾರಿದರೂ ನೆಲಕ್ಕೆ ಬೀಳುವುದಿಲ್ಲ. ಹೇಳಲು ಇಷ್ಟೇ. ಇಷ್ಟನ್ನು ಹತ್ತೊಂಬತ್ತು ಇಪ್ಪತ್ತರ ಹುಡುಗರಿಗೆ ಒಪ್ಪಿಸುವುದಿದೆಯಲ್ಲ, ಅದರಲ್ಲಿ ಮೇಷ್ಟ್ರ ಆಯುಷ್ಯ ಸವೆಯಿತು.

ಹೊಸ ಹುಡುಗರು ಬಂದ ದಿನ ಅವರು ಭಾಷಣ ಮಾಡುತ್ತಿರಲಿಲ್ಲ. ಮೊದಲು ತಾವು ಬೆಲ್ಟು ತೊಟ್ಟು, ಹಗ್ಗವನ್ನು ತೊಲೆಗೆ ಕಟ್ಟಿಸಿ, ಕಾಲು ನೆಲದಿಂದ ಮೇಲೆದ್ದ ಹಾಗೆ ತೂಗಾಡುತ್ತಿದ್ದರು. ಆ ವಯಸ್ಸಿನ ಮನುಷ್ಯ ಮರದಲ್ಲಿ ಹಲಸಿನಕಾಯಿಯಂತೆ ನೇತಾಡುವುದನ್ನು ನೋಡಿ ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು. ನಗಲಿ ಎಂದೇ ಅವರು ಇನ್ನೂ ಎರಡು ಸುತ್ತು ತಿರುಗುತ್ತಿದ್ದರು. ಆಮೇಲೆ ಒಬ್ಬೊಬ್ಬರನ್ನೇ ನೇತುಹಾಕುತ್ತಿದ್ದರು. ಬೆಲ್ಟಿನ ಮೇಲೆ ನಂಬಿಕೆ ಬಾಯಿಂದ ಬರುವುದಿಲ್ಲ, ತೊಡೆಗೆ ಪಟ್ಟಿ ಒತ್ತಿದಾಗಲೇ ಬರುತ್ತದೆ ಎನ್ನುವುದು ಅವರ ಸಿದ್ಧಾಂತ. ನನ್ನನ್ನೂ ಬಿಡಲಿಲ್ಲ. ಚೂಡಿದಾರದ ಮೇಲೆ ಬೆಲ್ಟು ತೊಡಿಸಿ, ಸಾರ್ವಜನಿಕವಾಗಿ, ಗಾರೆ ಕೆಲಸದವರ ಎದುರು ತೂಗಿಸಿದರು. ಒಂದು ವಾರ ನಾನು ಅವರ ಜೊತೆ ಮಾತು ಬಿಟ್ಟಿದ್ದೆ.

ರಾಯಚೂರು, ಯಾದಗಿರಿ, ಒಡಿಶಾ, ಬಂಗಾಳ ಎಲ್ಲ ಕಡೆಯ ಹುಡುಗರಿಗೂ ಅವರದು ಒಂದೇ ಕನ್ನಡ, ಜೊತೆಗೆ ಸೀಟಿ. ಉದ್ದನೆಯ ಸೀಟಿ ಎಂದರೆ ಇದ್ದಲ್ಲೇ ನಿಲ್ಲು, ಎರಡು ಗಿಡ್ಡ ಸೀಟಿ ಎಂದರೆ ಕೆಳಗಿಳಿ. ಹುಡುಗರಿಗೆ ಇದು ಬೇಗ ಹಿಡಿಯಿತು. ಹದಿನೆಂಟು ತುಂಬದವನನ್ನು ಕೆಲಸಕ್ಕೆ ತಂದರೆ ಅವರಿಗೆ ಗೊತ್ತಾಗಿಬಿಡುತ್ತಿತ್ತು. ಒಮ್ಮೆ ನಮ್ಮ ಗಾರೆ ಮೇಸ್ತ್ರಿ ಮುನಿಯಪ್ಪ ಮೀಸೆ ಚಿಗುರಿದ ಒಬ್ಬನನ್ನು ಕರೆತಂದು ಆಧಾರ್ ಕಾರ್ಡು ತೋರಿಸಿದ. ಮೇಷ್ಟ್ರು ಕಾರ್ಡು ನೋಡಲೇ ಇಲ್ಲ. ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸಿ ಸಾವಧಾನ್ ಎಂದು ಕೂಗಿದರು. ಆ ಒಬ್ಬನ ಹಿಮ್ಮಡಿ ತಾನಾಗಿ ಕೂಡಿತು, ಕೈ ತೊಡೆಗೆ ಅಂಟಿತು. ನಿನ್ನೆ ಮೊನ್ನೆಯವರೆಗೂ ಪ್ರಾರ್ಥನೆಗೆ ನಿಂತ ದೇಹ ಅದು ಎಂದು ಮೇಷ್ಟ್ರು ಅವನನ್ನು ವಾಪಸ್ಸು ಕಳಿಸಿದರು. ಮುನಿಯಪ್ಪ ಇಡೀ ದಿನ ಸಿಮೆಂಟಿನ ಮೇಲೆ ಸಿಟ್ಟು ತೀರಿಸಿಕೊಂಡ.

ಅವರು ಕೂರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಬೇಕಾಗಿತ್ತು, ಏಕೆಂದರೆ ಅವರನ್ನು ನೆನೆದಾಗ ಮೊದಲು ಕಣ್ಣಿಗೆ ಬರುವುದೇ ಆ ನಿಂತ ಕಾಲು. ಹೋಟೆಲಿನಲ್ಲಿ ಕಾಫಿಯನ್ನು ನಿಂತೇ ಕುಡಿಯುವರು, ಅದನ್ನೂ ಅರ್ಧ ಬಿಟ್ಟು ಹೊರಡುವರು. ಕುರ್ಚಿ ಎಳೆದು ಕೊಟ್ಟರೆ ಒಂದೇ ಉತ್ತರ. "ಕೂತ್ರೆ ಮೇಲೆ ನೋಡಕ್ಕಾಗಲ್ಲ ಇಂಜಿನಿಯರಮ್ಮ." ಮುನಿಯಪ್ಪನ ಮಗಳ ಮದುವೆಗೆ ಬಂದವರು ಅಕ್ಷತೆ ಹಾಕುವ ಮೊದಲು ಚಪ್ಪರದ ಕಂಬ ಅಲ್ಲಾಡಿಸಿ ನೋಡಿದರು. ಅದು ಅಲ್ಲಾಡಿತು. ಮುಹೂರ್ತ ಮೀರುತ್ತದೆ ಎಂದು ಬೀಗರು ಗೊಣಗುತ್ತಿದ್ದರೂ ಶಾಮಿಯಾನದವನನ್ನು ಕರೆಸಿ ಕಂಬ ಬಿಗಿಸಿದ ಮೇಲೆಯೇ ವಧೂವರರಿಗೆ ಆಶೀರ್ವಾದ ಸಿಕ್ಕಿತು. ಅವರ ಜೊತೆ ರಸ್ತೆಯಲ್ಲಿ ನಡೆಯುವುದೆಂದರೆ ಹಿಂಸೆ. ಯಾರದೋ ಸೈಟಿನ ಮುಂದೆ ನಿಂತು, ನಮಗೆ ಸಂಬಂಧವೇ ಇಲ್ಲದ ಹುಡುಗನಿಗೆ ಸೀಟಿ ಊದಿ ಕೆಳಗಿಳಿಸಿ, ಅಲ್ಲಿನ ಮೇಸ್ತ್ರಿಯಿಂದ ನಮ್ಮಿಬ್ಬರಿಗೂ ಬೈಸಿದ್ದು ಎಷ್ಟು ಸಲವೋ. ನನಗೆ ನಾಚಿಕೆಯಾಗುತ್ತಿತ್ತು, ಅವರಿಗೆ ಆಗುತ್ತಿರಲಿಲ್ಲ.

ಇಷ್ಟೆಲ್ಲ ಮಾಡಿದರೂ ಬೆಲ್ಟಿಗೆ ಮರ್ಯಾದೆ ಸಿಗಲಿಲ್ಲ. ಮೇಷ್ಟ್ರು ಇದ್ದಾಗ ತೊಡುವುದು, ಅವರ ಮೊಪೆಡ್ಡು ತಿರುವು ದಾಟಿದ ಕೂಡಲೇ ಬಿಚ್ಚುವುದು. ತೊಟ್ಟವನನ್ನು ಉಳಿದವರು ಸೊಂಟಕ್ಕೆ ಡಾಬು ಹಾಕಿಕೊಂಡ ಮದುಮಗಳೇ ಎಂದು ರೇಗಿಸುತ್ತಿದ್ದರು. ಬೆಲ್ಟಿನ ಹಗ್ಗದಲ್ಲಿ ನೀರಿನ ಬಕೀಟು ಎಳೆದರು, ಸಿಮೆಂಟ್ ಮೂಟೆ ಕಟ್ಟಿದರು, ಮಧ್ಯಾಹ್ನ ಅದನ್ನೇ ಸುತ್ತಿ ತಲೆದಿಂಬು ಮಾಡಿಕೊಂಡರು. ಅದೇ ಹುಡುಗರು ತಮ್ಮ ಗಾರೆ ಮೆತ್ತುವ ಕರಣೆಯನ್ನು ಯಾರಾದರೂ ಕಾಲಿಂದ ಸರಿಸಿದರೆ ಜಗಳಕ್ಕೆ ಹೋಗುತ್ತಿದ್ದರು. ಮೇಷ್ಟ್ರು ಇದನ್ನು ಗಮನಿಸಿದರು. ಗಮನಿಸಿ ಒಂದು ಉಪಾಯ ಹೂಡಿದರು. ಆ ವರ್ಷದ ಆಯುಧಪೂಜೆಗೆ ಕರಣೆ, ತೂಗುಗುಂಡು, ಸುತ್ತಿಗೆಗಳ ಜೊತೆಗೆ ಬೆಲ್ಟುಗಳನ್ನೂ ಇಡಬೇಕು, ಅದೂ ಮುಂದಿನ ಸಾಲಿನಲ್ಲಿ, ಎಂದು ಯಜಮಾನರ ಹತ್ತಿರ ಹಟ ಹಿಡಿದರು.

ಮುನಿಯಪ್ಪ ಒಪ್ಪಲಿಲ್ಲ. ಕರಣೆ ಅನ್ನ ಕೊಡುತ್ತೆ, ಇದೇನು ಕೊಡುತ್ತೆ ಎಂದು ವಾದಿಸಿದ. "ಅನ್ನ ಉಣ್ಣೋಕೆ ಬಾಯಿ ಉಳಿಸುತ್ತೆ ಮುನಿಯಪ್ಪ" ಎಂದರು ಮೇಷ್ಟ್ರು. ಯಜಮಾನರಿಗೆ ಈ ಮಾತು ಎಷ್ಟು ಹಿಡಿಸಿತೆಂದರೆ, ಮುಂದೆ ತಮ್ಮದೇ ಮಾತೆಂಬಂತೆ ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಬೆಲ್ಟುಗಳನ್ನು ಹುಡುಗರಿಂದಲೇ ತೊಳೆಸಿದರು. ಸೋಪಿನ ಪುಡಿ ಹಾಕಿ ಉಜ್ಜುವಾಗ ಎಲ್ಲರಿಗಿಂತ ಮುಂದೆ ಇದ್ದವನು ಯಾದಗಿರಿ ಕಡೆಯ ಶರಣಪ್ಪ. ಹತ್ತೊಂಬತ್ತರ ಹುಡುಗ, ಮಾತು ಕಡಿಮೆ. ಯಾರು ಎಷ್ಟು ರೇಗಿಸಿದರೂ ಬೆಲ್ಟು ಬಿಚ್ಚದ ಒಬ್ಬನೇ ಒಬ್ಬ ಅವನು. ಮೇಷ್ಟ್ರಿಗೆ ಅವನ ಮೇಲೆ ಪ್ರಾಣ. ಪೂಜೆಯ ದಿನ ಬಾಳೆಕಂದು, ಮಾವಿನ ತೋರಣ, ಸಾರುವೆಯ ತುದಿಯವರೆಗೆ ಬಣ್ಣದ ದೀಪದ ಸರ. ಅರಿಶಿನ ಕುಂಕುಮ ಇಟ್ಟು ಚೆಂಡುಹೂವು ಏರಿಸಿದ ಬೆಲ್ಟುಗಳ ಮುಂದೆ ಹುಡುಗರು ಅಡ್ಡಬಿದ್ದರು. ಡಾಬು ಎಂದು ನಕ್ಕವರೂ ಬಿದ್ದರು. ಮೇಷ್ಟ್ರ ಮುಖ ನೋಡಬೇಕಾಗಿತ್ತು, ಮಗಳ ಮದುವೆ ಮುಗಿಸಿದವರಂತೆ ಇತ್ತು. ಅವತ್ತು ಅವರು ಕೂತರು. ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ತೊಡೆಯ ಮೇಲೆ ಎಲೆ ಇಟ್ಟುಕೊಂಡು, ಹೋಳಿಗೆ ತಿನ್ನುತ್ತ ಕೂತರು. ಅವರು ಸೈಟಿನಲ್ಲಿ ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಗಾಳಿಗೆ ದೀಪದ ಸರದ ಮೇಲಿನ ತುದಿ ಕಳಚಿ ಜೋತಾಡುತ್ತಿತ್ತು. ಸಂಜೆ ಯಜಮಾನರ ನೆಂಟರು ಬರುವವರಿದ್ದರು. ಯಾರೂ ಹೇಳಲಿಲ್ಲ, ಶರಣಪ್ಪ ತಾನಾಗಿಯೇ ಅದನ್ನು ಕಟ್ಟಲು ಎದ್ದ. ಅಭ್ಯಾಸದಂತೆ ನೇರವಾಗಿ ಬೆಲ್ಟುಗಳ ಹತ್ತಿರ ಹೋದ. ನಾನು ಎದುರಿಗೇ ಇದ್ದೆ, ಬೆಲ್ಟು ತೆಗೆದುಕೊಳ್ಳುತ್ತಾನೆ ಎಂದುಕೊಂಡು ಕೈ ತೊಳೆಯಲು ತಿರುಗಿದೆ. ಆದರೆ ಪೂಜೆಗಿಟ್ಟ ಆಯುಧವನ್ನು ಮಾರನೆಯ ದಿನ ಮರುಪೂಜೆ ಆಗುವವರೆಗೆ ಯಾರೂ ತೆಗೆಯುವುದಿಲ್ಲ. ಅವನ ಅಪ್ಪನೂ ತೆಗೆದವನಲ್ಲ, ನನ್ನ ಅಪ್ಪ ತಮ್ಮ ಸ್ಕೂಟರನ್ನೂ ಅವತ್ತು ತೆಗೆಯುತ್ತಿರಲಿಲ್ಲ. ಶರಣಪ್ಪ ಬೆಲ್ಟು ಮುಟ್ಟಿ ಕಣ್ಣಿಗೊತ್ತಿಕೊಂಡು ಬೆಲ್ಟಿಲ್ಲದೆ ಸಾರುವೆ ಹತ್ತಿದನಂತೆ. ನಾನು ಕೈ ಒರೆಸಿಕೊಳ್ಳುವಷ್ಟರಲ್ಲಿ ಸದ್ದು ಕೇಳಿತು.

ಮರಳಿನ ಗುಡ್ಡೆಯ ಅಂಚಿಗೆ ಬಿದ್ದಿದ್ದ. ಜೀವ ಉಳಿಯಿತು, ಸೊಂಟ ಮತ್ತು ಎಡಗಾಲು ಮುರಿದವು. ಆಸ್ಪತ್ರೆಯಲ್ಲಿ ಪ್ರಜ್ಞೆ ಬಂದಾಗ ಮೇಷ್ಟ್ರು ಮಂಚದ ಪಕ್ಕ ನಿಂತಿದ್ದರು. ಯಾಕೋ ಬೆಲ್ಟು ಹಾಕಲಿಲ್ಲ ಎಂದು ಕೇಳಿದರು. ಕೇಳಬಾರದಾಗಿತ್ತು. ಶರಣಪ್ಪ ತಪ್ಪಿತಸ್ಥನಂತೆ ಅವರನ್ನೇ ನೋಡಿದ.

"ಪೂಜಾಕ್ಕ ಇಟ್ಟಿದ್ದು ರೀ ಸರ. ಹ್ಯಾಂಗ್ ಮುಟ್ಲಿ? ನೀವೇ ಇಟ್ಟೀರಿ."

ಅಂದಿನಿಂದ ಮೇಷ್ಟ್ರು ಕೆಲಸಕ್ಕೆ ಬರುವುದನ್ನು ಬಿಟ್ಟರು. ಫೋನು ಎತ್ತಲಿಲ್ಲ. ನನಗೆ ಸಂಕಟಕ್ಕಿಂತ ಸಿಟ್ಟೇ ಹೆಚ್ಚಾಗಿ ಬಂತು, ಏಕೆಂದರೆ ಅಷ್ಟರಲ್ಲಿ ಹೊಸ ಹುಡುಗರ ಗುಂಪು ಬಂದಿತ್ತು. ನಾನು ಹೇಳಿದರೆ ಮೇಡಂ ಮೇಡಂ ಎಂದು ತಲೆಯಾಡಿಸಿ ಹಾಗೇ ಹತ್ತಿಬಿಡುತ್ತಿದ್ದರು. ನನಗೆ ತೂಗಾಡಿ ತೋರಿಸುವ ಧೈರ್ಯವಿರಲಿಲ್ಲ, ಸೀಟಿಯೂ ಇರಲಿಲ್ಲ. ಮೇಷ್ಟ್ರು ಬರದಿದ್ದರೆ ಇನ್ನೊಬ್ಬ ಬೀಳುತ್ತಾನೆ ಎನ್ನುವುದು ನನಗೆ ಖಚಿತವಾಗಿ ಗೊತ್ತಿತ್ತು. ಚಾಮರಾಜಪೇಟೆಯ ಅವರ ವಠಾರದ ಮನೆಗೆ ಹೋದೆ. ಬಾಗಿಲಿನಿಂದ ತುಳಸಿ ಕಟ್ಟೆಯವರೆಗೆ, ಅಲ್ಲಿಂದ ಬಾಗಿಲಿಗೆ, ಓಡಾಡುತ್ತಿದ್ದರು. ಊಟದ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಹೀಗೆ ತಿರುಗುತ್ತಾರೆ, ಅಕ್ಕಪಕ್ಕದವರು ನಗುತ್ತಾರೆ ಎಂದು ಅವರ ಹೆಂಡತಿ ನನ್ನ ಹತ್ತಿರ ಹೇಳಿಕೊಂಡರು. ಆಕೆಗೆ ನಗೆಯೂ ಬರುತ್ತಿರಲಿಲ್ಲ, ಅಳುವೂ ಬರುತ್ತಿರಲಿಲ್ಲ.

ತಪ್ಪು ನಿಮ್ಮದಲ್ಲ ಎಂದೆ. ಸಂಪ್ರದಾಯದ್ದು ಎಂದೆ, ಗಾಳಿಯದು ಎಂದೆ, ಸಿಟ್ಟು ಬಂದು ಯಜಮಾನರ ನೆಂಟರದು ಎಂದೂ ಅಂದೆ. ಅವರು ನಿಲ್ಲಲಿಲ್ಲ, ನಡೆಯುತ್ತಲೇ ಉತ್ತರ ಕೊಟ್ಟರು.

"ಬೆಲ್ಟ್ ಹಾಕ್ಕೊಳ್ಳೋದು ಹೇಳ್ಕೊಟ್ಟೆ. ದೇವರ ಮುಂದಿಂದ ತೆಗೆಯೋದು ಹೇಳ್ಕೊಡ್ಲಿಲ್ಲ. ಇನ್ನು ಯಾವ ಮುಖ ಇಟ್ಕೊಂಡು ಹುಡುಗ್ರ ಮುಂದೆ ನಿಲ್ಲಲಿ?"

ಅವರನ್ನು ಮತ್ತೆ ಹುಡುಗರ ಮುಂದೆ ನಿಲ್ಲಿಸಿದವಳು ನಾನಲ್ಲ. ಕಾಲು ಕೂಡಿಕೊಂಡ ಮೇಲೆ ಶರಣಪ್ಪ ಊರಿಂದ ವಾಪಸ್ಸು ಬಂದ. ಎಡಗಾಲು ಕೊಂಚ ಗಿಡ್ಡವಾಗಿತ್ತು, ಇನ್ನು ಎತ್ತರ ಹತ್ತುವ ಹಾಗಿರಲಿಲ್ಲ. ಯಜಮಾನರು ಅವನಿಗೆ ಸ್ಟೋರಿನ ಕೆಲಸ ಕೊಟ್ಟರು, ಸಾಮಾನು ಕೊಡುವುದು, ಎತ್ತಿಡುವುದು. ಸಂಜೆ ಅವನು ನನ್ನನ್ನೂ ಎಳೆದುಕೊಂಡು ಮೇಷ್ಟ್ರ ಮನೆಗೆ ಹೋದ. ಒಳಗೆ ಬಾ ಎಂದರೂ ಹೋಗದೆ ಹೊಸ್ತಿಲಲ್ಲೇ ನಿಂತ. "ಹೊಸಾ ಹುಡುಗ್ರು ಬಂದಾರ್ರಿ ಸರ. ಬೆಲ್ಟ್ ಕೊಡಾಕ ನಾ ಅದೀನಿ. ಹೇಳಾಕ ನೀವು ಬರ್ರಿ." ಮೇಷ್ಟ್ರು ಅವನ ಕಾಲನ್ನೇ ನೋಡಿದರು. ಆಮೇಲೆ ಒಳಗೆ ಹೋಗಿ ಸೀಟಿ ತಂದರು. ನಾನು ಬೀದಿಗೆ ಬಂದು ಕಣ್ಣೊರೆಸಿಕೊಂಡೆ.

ಅಂದಿನಿಂದ ಅವರ ಪಾಠ ಬದಲಾಯಿತು. ತೂಗಾಡುವುದು ಇತ್ತು, ಸೀಟಿ ಇತ್ತು, ಮೊದಲ ಮಾತು ಮಾತ್ರ ಬೇರೆ. ಶರಣಪ್ಪನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಇವನು ಬಿದ್ದದ್ದು ನನ್ನಿಂದ ಎಂದು ಶುರು ಮಾಡುತ್ತಿದ್ದರು. ಶರಣಪ್ಪ ನಡುವೆ ಬಾಯಿ ಹಾಕಿ ಸರ್ ಮಾತು ಕೇಳಬೇಡಿ, ನಾನೇ ಹತ್ತಿ ನಾನೇ ಬಿದ್ದೆ ಎನ್ನುತ್ತಿದ್ದ. ಇಬ್ಬರೂ ಪ್ರತಿ ತಂಡದ ಎದುರೂ ಇದೇ ಜಗಳ ಆಡುವರು, ಒಬ್ಬರೂ ಸೋಲುವುದಿಲ್ಲ. ಬೀಳುವುದಕ್ಕೂ ಹಕ್ಕುದಾರರಿದ್ದಾರಲ್ಲ ಎಂದು ಹುಡುಗರು ನಗುತ್ತಿದ್ದರು. ನಕ್ಕವರು ಬೆಲ್ಟು ತೊಟ್ಟರು, ಮೇಷ್ಟ್ರ ಮೊಪೆಡ್ಡು ತಿರುವು ದಾಟಿದ ಮೇಲೂ ಬಿಚ್ಚಲಿಲ್ಲ. ಎಲ್ಲರೂ ಅಂತಲ್ಲ. ಆದರೆ ಬಹಳ ಜನ.

ಆಯುಧಪೂಜೆಯ ದಿನ ಒಂದು ಹೊಸ ಪದ್ಧತಿ ಬಂತು. ಬೆಲ್ಟುಗಳನ್ನು ಪೂಜೆಗೆ ಇಡುವುದನ್ನು ಮೇಷ್ಟ್ರು ನಿಲ್ಲಿಸಲಿಲ್ಲ, ಹುಡುಗರ ಭಕ್ತಿಗೆ ಅಡ್ಡ ಬರುವ ಮನಸ್ಸು ಅವರಿಗಿರಲಿಲ್ಲ. ಒಂದೇ ಒಂದು ಬೆಲ್ಟನ್ನು ಮಾತ್ರ ಹೊರಗೆ ಉಳಿಸಿ, ಏಣಿಯ ಪಕ್ಕದ ಮೊಳೆಗೆ ಹಾಕಿಸುತ್ತಿದ್ದರು. ಅದಕ್ಕೆ ನೀರು ತಾಕಿಸುವಂತಿಲ್ಲ, ಕುಂಕುಮ ಇಡುವಂತಿಲ್ಲ. ಇದು ಇವತ್ತು ಹತ್ತೋನಿಗೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಸಂಜೆಯವರೆಗೆ ಅದರ ಕೆಳಗೇ ನಿಂತಿರುತ್ತಿದ್ದರು. ಹೋಳಿಗೆ ಕೊಟ್ಟರೆ ಶರಣಪ್ಪನಿಗೆ ದಾಟಿಸಿಬಿಡುವರು.

ಆಷಾಢದಲ್ಲಿ ಒಂದು ಬೆಳಿಗ್ಗೆ ಅವರ ಹೆಂಡತಿ ಫೋನು ಮಾಡಿದರು. ಕಾಫಿ ತರುವಷ್ಟರಲ್ಲಿ, ಕುರ್ಚಿಯಲ್ಲಿ ಕೂತಿದ್ದ ಹಾಗೇ ಹೋಗಿದ್ದರು. ಕೂತಿದ್ದು ನೋಡಿಯೇ ಗಾಬರಿಯಾಯಿತು ಕಣಮ್ಮ ಎಂದು ಆಕೆ ಹೇಳಿದರು. ಬಿಲ್ಡರುಗಳೆಲ್ಲ ಹಾರ ತಂದರು. ಹುಡುಗರು ಹೆಲ್ಮೆಟ್ಟು ತೆಗೆದು ಕೈಯಲ್ಲಿ ಹಿಡಿದು ನಿಂತರು. ಯಜಮಾನರು ಬಾಯಿ ಉಳಿಸುವ ಮಾತನ್ನು ಅಂದು ಮೊದಲ ಸಲ ಮೇಷ್ಟ್ರ ಹೆಸರಿನಲ್ಲಿ ಹೇಳಿದರು.

ಈ ವರ್ಷದ ಆಯುಧಪೂಜೆ ನಡೆದದ್ದು ಬಿನ್ನಿಪೇಟೆ ಕಡೆಯ ನಮ್ಮ ಹೊಸ ಸೈಟಿನಲ್ಲಿ. ನಾನು ತಡವಾಗಿ ಹೋದೆ, ಪೂಜೆ ಮುಗಿದಿತ್ತು. ಹುಡುಗರಲ್ಲಿ ಮುಕ್ಕಾಲು ಪಾಲು ಆಷಾಢದ ನಂತರ ಸೇರಿದವರು, ಮೇಷ್ಟ್ರನ್ನು ಕಂಡವರಲ್ಲ. ಆದರೂ ಏಣಿಯ ಪಕ್ಕ ಮೊಳೆ ಹೊಡೆದಿದ್ದರು, ಮೊಳೆಗೆ ಬೆಲ್ಟು ಹಾಕಿದ್ದರು. ನನ್ನ ಎದೆ ತುಂಬಿ ಬಂತು. ಹತ್ತಿರ ಹೋಗಿ ನೋಡಿದೆ. ಬೆಲ್ಟಿಗೆ ಅರಿಶಿನ ಕುಂಕುಮ ಮೆತ್ತಿದ್ದರು, ಎಲ್ಲ ಹಾರಗಳಿಗಿಂತ ದಪ್ಪನೆಯ ಹಾರ ಹಾಕಿದ್ದರು, ಕೆಳಗೆ ಇಟ್ಟಿಗೆಯ ಸಂದಿಯಲ್ಲಿ ಊದಿನಕಡ್ಡಿ ಉರಿಯುತ್ತಿತ್ತು. ಪಕ್ಕದಲ್ಲೇ ಒಬ್ಬ ಹುಡುಗ ದೀಪದ ಸರ ಹೆಗಲಿಗೆ ಹಾಕಿಕೊಂಡು, ಬೆಲ್ಟಿಲ್ಲದೆ, ಏಣಿಯ ಮೇಲೆ ಕಾಲಿಟ್ಟಿದ್ದ.

ನಾನು ಕೂಗಿದ ಕೂಗಿಗೆ ಅವನು ಅಲ್ಲೇ ನಿಂತ. ಬೆಲ್ಟು ತೊಡು ಎಂದೆ. ಅವನು ಮೊಳೆಯ ಕಡೆ ನೋಡಿ ಕೈಮುಗಿದ.

"ಅದು ಮೇಷ್ಟ್ರ ಬೆಲ್ಟು ಮೇಡಂ. ಮುಟ್ಟಬಾರ್ದಂತೆ."

ಯಾರು ಹೇಳಿದ್ದು ಎಂದರೆ ಎಲ್ಲರೂ ಎಲ್ಲರನ್ನೂ ತೋರಿಸಿದರು. ಆ ಮನುಷ್ಯ ವರ್ಷಗಟ್ಟಲೆ ಹೋಳಿಗೆ ಬಿಟ್ಟು ನಿಂತದ್ದು ಈ ಊದಿನಕಡ್ಡಿಗಾಗಿಯಾ ಎಂದು ಎಲ್ಲರ ಮೇಲೂ ಕಿರುಚಿದೆ. ಅವರಿಗೆ ಒಂದೂ ಅರ್ಥವಾಗಲಿಲ್ಲ. ನಾನೇ ಹಾರ ಕೀಳಲು ಕೈ ಎತ್ತಿದೆ.

ಅಷ್ಟರಲ್ಲಿ ಗೇಟಿನ ಹತ್ತಿರ ಆಟೋ ನಿಂತಿತು. ಸಂಜೆ ಒಡೆಯುವ ಬೂದುಗುಂಬಳ ತರಲು ಕಲಾಸಿಪಾಳ್ಯಕ್ಕೆ ಹೋಗಿದ್ದ ಶರಣಪ್ಪ ಇಳಿದು ಬಂದ. ಬೆಲ್ಟು ನೋಡಿದ, ಹುಡುಗನನ್ನು ನೋಡಿದ. ಅವನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ನೀವು ಬಿಡ್ರಿ ಮೇಡಂ ಎಂದು ನನ್ನನ್ನು ಸರಿಸಿ, ಕುಂಟುತ್ತ ಹೋಗಿ, ಹಾರ ತೆಗೆದು ಬೂದುಗುಂಬಳದ ಮೇಲೆ ಹಾಕಿದ. ಬೆಲ್ಟನ್ನು ಮೊಳೆಯಿಂದ ಇಳಿಸಿದ. ಹಬ್ಬಕ್ಕೆಂದು ತೊಟ್ಟ ಬಿಳಿ ಅಂಗಿಯ ತುದಿಯಿಂದ ಕೊಕ್ಕೆಯ ಕುಂಕುಮವನ್ನು ಪೂರ್ತಿ ಒರೆಸಿದ. ಹುಡುಗರು ಸುತ್ತ ಬಂದು ನಿಂತರು.

"ನಾ ಮುಟ್ಟೀನಿ, ಏನಾತು? ಏನೂ ಆಗಿಲ್ಲ. ಮುಟ್ಟಲಾರದಕ್ಕ ಏನಾತು, ಈ ಕಾಲು ನೋಡು. ತೊಡು."

ಹುಡುಗ ತೊಟ್ಟ. ಭುಜದ ಪಟ್ಟಿ, ಎದೆಯ ಪಟ್ಟಿ, ತೊಡೆಯ ಪಟ್ಟಿ ಎಲ್ಲವನ್ನೂ ಶರಣಪ್ಪ ಎಳೆದೆಳೆದು ಬಿಗಿದ, ಮೇಷ್ಟ್ರು ನನಗೆ ಬಿಗಿದ ಹಾಗೆಯೇ. ಹುಡುಗ ಹತ್ತಿ ಮೇಲೆ ಹೋಗಿ ಕೊಕ್ಕೆ ಸಿಕ್ಕಿಸಿದ ಸದ್ದು ಕೆಳಗಿನವರೆಗೂ ಕೇಳಿಸಿತು. ಯಜಮಾನರು ಎರಡು ಕುರ್ಚಿ ಹಾಕಿಸಿ, ಹೋಳಿಗೆ ಬಡಿಸಾಗಿದೆ, ಬಂದು ಕೂತ್ಕೊಳ್ಳಿ ಎಂದು ಕರೆದರು. ಆ ಹುಡುಗ ಸರ ಕಟ್ಟಿ, ಕೆಳಗಿಳಿದು, ಬೆಲ್ಟು ಬಿಚ್ಚಿ ಮತ್ತೆ ಮೊಳೆಗೆ ಹಾಕುವವರೆಗೆ ನಾನೂ ಕೂರಲಿಲ್ಲ, ಶರಣಪ್ಪನೂ ಕೂರಲಿಲ್ಲ.